ಶಾವಿಗೆ ಒರಳಿಗೆ ಕಟ್ಟಿದ ಗಾಜಿನ ಕೊಳವೆ

ನಮ್ಮ ಮೊಮ್ಮಗಳು ಯೂನಿವರ್ಸಿಟಿಯಲ್ಲಿ ಕೆಮಿಸ್ಟ್ರಿ ಕಲಿಸುವ ಮೇಡಂ ಆಗಿದ್ದಾಳೆ! ಇವತ್ತು ಬೆಳಿಗ್ಗೆ ಅಲ್ಲಿಂದ ಅವಳಿಗೆ ಫೋನು ಬಂತು. ಅವಳು ಓದಿದ ಜಾಗದಲ್ಲೇ, ಅವಳು ಹಿಂದಿನ ಸಾಲಿನಲ್ಲಿ ನಿಂತು ಕಣ್ಣೀರು ಒರೆಸಿಕೊಂಡ ಅದೇ ಲ್ಯಾಬಿನಲ್ಲಿ, ಇನ್ನು ಮುಂದೆ ಹೊಸ ಮಕ್ಕಳಿಗೆ ಪ್ರಾಕ್ಟಿಕಲ್ ಹೇಳಿಕೊಡುವುದು ಇವಳ ಕೆಲಸ. ನಾನು ನಾಲ್ಕನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು. ಸಂತೋಷದ ಭರದಲ್ಲಿ ಸಕ್ಕರೆ ಡಬ್ಬಿ ಎಂದುಕೊಂಡು ಉಪ್ಪಿನ ಡಬ್ಬಿಗೆ ಕೈಹಾಕಿ ಅವಳ ಬಾಯಿಗೆ ಸುರಿದುಬಿಟ್ಟೆ. “ಥೂ, ಅಜ್ಜೀ!” ಎಂದು ಉಗಿದು, ನನ್ನನ್ನೇ ತಬ್ಬಿಕೊಂಡು ನಕ್ಕಳು.

ಸೊಸೆ ಆಗ ಕಲೆ ಹೋಗಲೆಂದು ಸಿಂಕಿಗೆ ವಿನೆಗರ್ ಸುರಿದು ಉಜ್ಜುತ್ತಿದ್ದಳು. ಆ ಹುಳಿ ವಾಸನೆ ಮೂಗಿಗೆ ಬಡಿಯಿತು ನೋಡಿ, ಮ್ವಾಲಿಮು ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತ ಹಾಗಾಯಿತು…

ಮ್ವಾಲಿಮು ಎಂದರೆ ಸ್ವಾಹಿಲಿಯಲ್ಲಿ ಟೀಚರು. ಪಾರ್ಕ್‌ಲ್ಯಾಂಡ್ಸಿನ ಈ ಕಟ್ಟಡದಲ್ಲಿ ನಮ್ಮ ಕೆಳಗಿನ ಮನೆಯಲ್ಲಿದ್ದರು. ನಾವು ಮೈಸೂರು ಬಿಟ್ಟು ಬಂದು ನೆಲೆಸಿದ ಈ ದೇಶದವರೇ. ಬೇರೊಂದು ಕಾಲೇಜಿನಲ್ಲಿ ಕೆಮಿಸ್ಟ್ರಿ ಕಲಿಸುತ್ತಿದ್ದರು. ಎತ್ತರದ ಹೆಂಗಸು, ಗಿಡ್ಡಕ್ಕೆ ಕತ್ತರಿಸಿದ ನರೆಗೂದಲು, ನಕ್ಕರೆ ನಮ್ಮ ಮಹಡಿಗೂ ಕೇಳಬೇಕು. ನನ್ನ ಸ್ವಾಹಿಲಿ ತರಕಾರಿ ಕೊಳ್ಳುವಷ್ಟು ಮಾತ್ರ. ಅವರ ಕನ್ನಡ ಅದಕ್ಕಿಂತ ಕಡಿಮೆ. ಆದರೂ ಮೆಟ್ಟಿಲ ಮೇಲೆ ಸಿಕ್ಕರೆ ನಮ್ಮಿಬ್ಬರ ಮಾತು ಮುಗಿಯುತ್ತಲೇ ಇರಲಿಲ್ಲ.

ಮೊಮ್ಮಗಳು ಆಗ ಕೆಮಿಸ್ಟ್ರಿಗೆ ಸೇರಿ ಎರಡನೇ ವರ್ಷ. ಇವಳ ಕ್ಲಾಸಿನಲ್ಲಿ ಮಕ್ಕಳು ಜಾಸ್ತಿ, ಸಾಮಾನು ಕಡಿಮೆ. ಬ್ಯೂರೆಟ್ ಎಂದು ಒಂದು ಉದ್ದನೆಯ ಗಾಜಿನ ಕೊಳವೆ ಇರುತ್ತದೆ, ಮೈಮೇಲೆ ಗೀಟುಗಳು, ತುದಿಯಲ್ಲೊಂದು ಪುಟ್ಟ ನಲ್ಲಿ. ಒಂದೊಂದರ ಸುತ್ತ ಒಂದು ಗುಂಪು ಮುತ್ತಿಕೊಂಡಿರುತ್ತಿತ್ತಂತೆ. ನಮ್ಮ ಹುಡುಗಿ ಕುಳ್ಳಿ, ಬಾಯಿಯೂ ಇಲ್ಲ. ಮುಂದಿನವರು ಕೂಗಿ ಹೇಳಿದ್ದನ್ನು ಹಿಂದೆ ನಿಂತು ಬರೆದುಕೊಂಡು ಬರುತ್ತಿದ್ದಳು, ಅಷ್ಟೇ.

ಆ ಹೊತ್ತಿಗೇ ಒಂದು ಸಂಶೋಧನಾ ಲ್ಯಾಬಿನವರು ದೊಡ್ಡ ರಜೆಯಲ್ಲಿ ಕೆಲವೇ ವಿದ್ಯಾರ್ಥಿಗಳನ್ನು ಇಟ್ಟುಕೊಂಡು ಕೆಲಸ ಕಲಿಸುತ್ತೇವೆ ಎಂದರು. ಒಳಗೆ ಹೋದವರಿಗೆ ಮುಂದಿನ ದಾರಿಯೆಲ್ಲ ತೆರೆಯುತ್ತದೆ. ಆದರೆ ಮೊದಲು ಅವರ ಕಣ್ಣೆದುರಿಗೆ ಆ ಬ್ಯೂರೆಟ್ ಹಿಡಿದು ಒಬ್ಬೊಬ್ಬರೇ ಮಾಡಿ ತೋರಿಸಬೇಕು. ಇವಳು ದಿಂಬಿಗೆ ಮುಖ ಹಾಕಿ ಮಲಗಿಬಿಟ್ಟಳು.

“ಆಗಲ್ಲ ಅಜ್ಜಿ. ಐ ಹ್ಯಾವ್ ನೆವರ್ ಈವನ್ ಟಚ್ಡ್ ಇಟ್. ನಾನು ಕಾಮರ್ಸ್‌ಗೆ ಹೋಗ್ತೀನಿ.”

ನನ್ನ ಮಗ ಔಷಧಿ ಫ್ಯಾಕ್ಟರಿಯಲ್ಲಿ ಮ್ಯಾನೇಜರು. “ಅದಕ್ಯಾಕೆ ಇಷ್ಟು ರಾಮಾಯಣ? ನಮ್ಮ ಲ್ಯಾಬ್‌ಗೆ ಒಂದು ಫೋನ್ ಮಾಡಿದ್ರೆ ಆಯ್ತಪ್ಪ,” ಎಂದ.

“ಮ್ಯಾನೇಜರ್ ಮಗಳು ಅಂತ ಚೇರ್ ಹಾಕಿ ಕೂರಿಸ್ತಾರೆ. ಅಲ್ಲೂ ಏನೂ ಮುಟ್ಟೋಕೆ ಬಿಡಲ್ಲ. ನೋ ಥ್ಯಾಂಕ್ಸ್, ಪಪ್ಪ.”

ಅಪ್ಪನಿಗೆ ಸಿಟ್ಟು, ಮಗಳಿಗೆ ಅಳು. ನಾನು ಕೆಳಗಿಳಿದು ಹೋಗಿ ಮ್ವಾಲಿಮು ಬಾಗಿಲು ಬಡಿದೆ. ಮಗುವಿಗೆ ಏನನ್ನುತ್ತಾರೆ ಎಂಬುದೊಂದು ಗೊತ್ತಿತ್ತು. “ಮ್ತೊತೊ… ಕೆಮಿಸ್ಟ್ರಿ…” ಎಂದು ಹೇಳಿ, ಕಣ್ಣಿನಿಂದ ನೀರು ಇಳಿಯುವುದನ್ನು ಬೆರಳಲ್ಲಿ ತೋರಿಸಿದೆ. ಅವರು ಬಿದ್ದು ಬಿದ್ದು ನಕ್ಕರು. ಸಂಜೆ ಮೇಲೆ ಬಂದಾಗ ಕೈಯಲ್ಲಿ ಬಟ್ಟೆ ಸುತ್ತಿದ ಉದ್ದನೆಯ ಗಂಟೊಂದಿತ್ತು. ಒಳಗೆ ಬ್ಯೂರೆಟ್! ಬಾಯಿಯ ಕಡೆ ಚೂರು ಮುಕ್ಕಾಗಿತ್ತು. ಅವರ ಕಾಲೇಜಿನಲ್ಲಿ ಬೇಡವೆಂದು ತೆಗೆದುಹಾಕಿದ್ದಂತೆ.

ಈಗ ಅದನ್ನು ನೆಟ್ಟಗೆ ನಿಲ್ಲಿಸುವುದು ಯಾವುದಕ್ಕೆ ಕಟ್ಟಿ? ಮ್ವಾಲಿಮು ಅಡುಗೆಮನೆಯನ್ನೆಲ್ಲ ಒಂದು ಸುತ್ತು ನೋಡಿದರು. ಮೂಲೆಯಲ್ಲಿ ನನ್ನ ಶಾವಿಗೆ ಒರಳು ಮೂರು ಕಾಲೂರಿ ನಿಂತಿತ್ತು. ಮೈಸೂರಿನಿಂದ ಬರುವಾಗ ಬಟ್ಟೆ ಬಿಟ್ಟು ಅದನ್ನು ತಂದಿದ್ದೆ. ಅವರ ಕಣ್ಣು ಅದರ ಮೇಲೆಯೇ ನಿಂತಿತು.

“ಅಯ್ಯಯ್ಯೋ, ಅದು ತಿನ್ನೋದು ಮಾಡೋದು ಅಂತ ಹೇಳೇ!” ಎಂದು ಮೊಮ್ಮಗಳಿಗೆ ಹೇಳಿದೆ.

ಅವಳು ಅವರನ್ನು ಕೇಳಿ ಹೇಳಿದಳು: “ಇದಕ್ಕೂ ತಿನ್ನೋ ಸಾಮಾನೇ ಹಾಕೋದಂತೆ ಅಜ್ಜಿ. ವಿನೆಗರ್ ಇದೆಯಾ, ಸುಣ್ಣ ಇದೆಯಾ, ಅರಿಶಿನ ಇದೆಯಾ ಅಂತ ಕೇಳ್ತಿದಾರೆ.”

ನನ್ನ ಹಳೇ ಲಂಗದ ಲಾಡಿಯಲ್ಲಿ ಬ್ಯೂರೆಟ್ಟನ್ನು ಶಾವಿಗೆ ಒರಳಿನ ಕಾಲಿಗೆ ಬಿಗಿದದ್ದಾಯಿತು. ಅದರೊಳಗೆ ನೀರು ಬೆರೆಸಿದ ವಿನೆಗರ್. ಕೆಳಗೆ ಗಾಜಿನ ಲೋಟದಲ್ಲಿ, ನಾನು ಎಲೆ ಅಡಿಕೆಗೆ ಇಟ್ಟುಕೊಂಡಿದ್ದ ಸುಣ್ಣದ ತಿಳಿ. ಅದಕ್ಕೆ ಚಿಟಿಕೆ ಅರಿಶಿನ ಬಿದ್ದದ್ದೇ ತಡ, ನೀರು ಕೆಂಪಾಯಿತು. “ಇದು ಆರತಿ ನೀರಲ್ಲವೇನೇ!” ಎಂದು ನಾನು ಕೂಗಿದೆ. ಮ್ವಾಲಿಮುಗೆ ಆರತಿ ಎಂದರೇನು ಎಂದು ತಿಳಿಸುವಷ್ಟರಲ್ಲಿ ಮೊಮ್ಮಗಳು ಅಳುವುದನ್ನು ಮರೆತಿದ್ದಳು. ಮೇಲಿನಿಂದ ಹುಳಿ ಹನಿಹನಿಯಾಗಿ ಬೀಳಬೇಕು. ಸುಣ್ಣದ ಖಾರಕ್ಕೂ ಹುಳಿಗೂ ಸರಿಹೋದ ಕ್ಷಣದಲ್ಲಿ ಕೆಂಪು ಮಾಯವಾಗಿ ಹಳದಿ ನಿಲ್ಲುತ್ತದೆ. ಅಲ್ಲಿಗೆ ನಲ್ಲಿ ಮುಚ್ಚಬೇಕು. ಒಂದು ಹನಿ ಹೆಚ್ಚಾದರೂ ಕೆಟ್ಟಿತು, ಎಲ್ಲ ಚೆಲ್ಲಿ ಮೊದಲಿನಿಂದ.

ಎಷ್ಟು ಚೆಲ್ಲಿದ್ದಾಳೋ! “ಪೋಲೆ ಪೋಲೆ,” ನಿಧಾನ ನಿಧಾನ, ಎನ್ನುತ್ತಿದ್ದರು ಮ್ವಾಲಿಮು. ಇವಳ ಕೈ ಸರಿಯಾಗಿಯೇ ಇತ್ತು, ಕಣ್ಣು ಇರಲಿಲ್ಲ. ನಲ್ಲಿ ತಿರುಗಿಸಿದಾಗಲೆಲ್ಲ, ಸಾಕಾ, ಮುಚ್ಚಲಾ ಎಂದು ಅವರ ಮುಖ ನೋಡುತ್ತಿದ್ದಳು. ಅಷ್ಟರಲ್ಲಿ ಹನಿ ಜಾರಿಹೋಗುತ್ತಿತ್ತು.

“ನನ್ನ ಮುಖದಲ್ಲಿ ಏನಿದೆ? ಬಣ್ಣ ಅಲ್ಲಿ ಬದಲಾಗೋದು. ಅಲ್ಲಿ ನೋಡು,” ಎಂದು ಅವರು ಇಂಗ್ಲಿಷಿನಲ್ಲಿ ಹೇಳಿದರಂತೆ. ಆಮೇಲೆ ಅವಳು ನನ್ನ ಮುಖ ನೋಡಲು ಶುರು ಮಾಡಿದಳು. ನನ್ನ ಅಡುಗೆಮನೆಯಿಂದ ನನ್ನನ್ನೇ ಹೊರಗೆ ಕಳಿಸಿದರು!

ಮನೆಯೆಲ್ಲ ಉಪ್ಪಿನಕಾಯಿ ಅಂಗಡಿಯ ಹಾಗೆ ನಾರುತ್ತಿತ್ತು. ಶಾವಿಗೆ ಕೇಳುವವರು ಕೇಳಿ ಕೇಳಿ ಸುಮ್ಮನಾದರು. ಇವಳ ಹಾಗೆಯೇ ಹಿಂದೆ ನಿಲ್ಲುತ್ತಿದ್ದ ಇಬ್ಬರು ಗೆಳತಿಯರೂ ಮಟಾಟು ವ್ಯಾನು ಹತ್ತಿಕೊಂಡು ಬರತೊಡಗಿದರು. ಸಿಟ್ಟು ಮಾಡಿಕೊಂಡಿದ್ದ ನನ್ನ ಮಗ ಒಂದು ಭಾನುವಾರ ತೋಳು ಮಡಚಿ ಲೋಟ ತೊಳೆಯುತ್ತ ನಿಂತಿದ್ದ. ಮ್ವಾಲಿಮು ಅಷ್ಟಕ್ಕೇ ಬಿಡಲಿಲ್ಲ. ಮೂವರನ್ನೂ ಸೈಬರ್ ಕೆಫೆಗೆ ಕರೆದುಕೊಂಡು ಹೋಗಿ, ಯಾವ ಲ್ಯಾಬಿನಲ್ಲಿ ಏನು ಕಲಿಸುತ್ತಾರೆ, ಓದಿಗೆ ನೆರವು ಎಲ್ಲಿ ಸಿಗುತ್ತದೆ, ಯಾರಿಗೆ ಹೇಗೆ ಬರೆಯಬೇಕು ಎಂದು ತೋರಿಸಿಕೊಟ್ಟರು. ನೀರು ಪರೀಕ್ಷೆ ಮಾಡುವವರನ್ನು ಕೇಳಿ, ಪೇಂಟ್ ಮಾಡುವವರನ್ನು ಕೇಳಿ, ಕೇಳಿದರೆ ಯಾರೂ ಹೊಡೆಯುವುದಿಲ್ಲ ಎನ್ನುತ್ತಿದ್ದರು. ನಾನೂ ಜೊತೆಗೆ ಹೋಗಿ, ಪರದೆಯ ಮೇಲೆ ಓಡುವ ಅಕ್ಷರಗಳನ್ನು ಬಾಯಿಬಿಟ್ಟು ನೋಡುತ್ತ ಕೂರುತ್ತಿದ್ದೆ.

ಪರೀಕ್ಷೆಯ ದಿನ ಇವಳಿಗೆ ಮೊದಲ ಸಲವೇ ಹನಿ ಹೆಚ್ಚಾಯಿತಂತೆ. ತಲೆಯೆತ್ತಿ ನೋಡಿದರೆ ಎದುರಿಗಿದ್ದ ಮೇಷ್ಟ್ರ ಮುಖ ಗೋಡೆಯ ಹಾಗಿತ್ತಂತೆ. “ಆಗ ನಗು ಬಂತು ಅಜ್ಜಿ. ಚೆಲ್ಲಿ, ತೊಳೆದು, ಮತ್ತೆ ಶುರು ಮಾಡಿದೆ. ಐ ವಾಸ್ ದಿ ಲಾಸ್ಟ್ ಒನ್ ಟು ಫಿನಿಶ್,” ಎಂದಳು. ಎಲ್ಲರಿಗಿಂತ ಕೊನೆಗೆ ಮುಗಿಸಿದವಳನ್ನೇ ಆರಿಸಿಕೊಂಡರು! ಅಲ್ಲಿಂದ ಅವಳು ಹಿಂತಿರುಗಿ ನೋಡಲಿಲ್ಲ. ಗೆಳತಿಯರಲ್ಲಿ ಒಬ್ಬಳಿಗೆ ನೀರಿನ ಲ್ಯಾಬಿನಲ್ಲಿ ಜಾಗ ಸಿಕ್ಕಿತು. ಇನ್ನೊಬ್ಬಳಿಗೆ ಆ ವರ್ಷ ಎಲ್ಲೂ ಆಗಲಿಲ್ಲ. ಮ್ವಾಲಿಮು ಅವಳನ್ನು ಮುಂದಿನ ವರ್ಷದವರೆಗೂ ಬಿಡದೆ ಕೂರಿಸಿಕೊಂಡು ಕಲಿಸಿದರು.

ಆಮೇಲೆ ಅವರು ನಿವೃತ್ತಿಯಾಗಿ ತಮ್ಮೂರಿಗೆ ಹೋದರು. ಹೋಗುವ ದಿನ ನನ್ನ ಕೈ ಹಿಡಿದು ಏನೋ ಉದ್ದಕ್ಕೆ ಹೇಳಿದರು. ನನಗೆ ‘ಅಸಾಂಟೆ’ ಒಂದೇ ತಿಳಿಯಿತು. ಥ್ಯಾಂಕ್ಸ್ ಹೇಳಬೇಕಾದವಳು ನಾನು ತಾನೆ… ಹೋದ ವರ್ಷ, ಅವರು ಇನ್ನಿಲ್ಲ ಎಂಬ ಸುದ್ದಿ ಬಂತು.

ಅದು ಗೊತ್ತಿದ್ದೂ ಇವತ್ತು ಸಕ್ಕರೆ ಬಟ್ಟಲು ಹಿಡಿದು ಅರ್ಧ ಮೆಟ್ಟಿಲು ಇಳಿದುಬಿಟ್ಟಿದ್ದೆ. ಆ ಬಾಗಿಲ ಮುಂದೆ ಬೇರೆ ಯಾರದೋ ಮಕ್ಕಳ ಪುಟ್ಟ ಚಪ್ಪಲಿಗಳಿದ್ದವು. ಬಟ್ಟಲು ಹಿಡಿದುಕೊಂಡೇ ಮೇಲೆ ಬಂದೆ.

ಸಂಜೆ ಮಗ ಬೇಗ ಬಂದ. ಹೋಳಿಗೆ ಮಾಡಿದ್ದೆವು, ಸೊಸೆ ಇಲ್ಲಿನ ಸುಕುಮಾ ಸೊಪ್ಪಿನ ಪಲ್ಯ ಮಾಡಿದ್ದಳು. ಎಲ್ಲರೂ ಒಟ್ಟಿಗೆ ಊಟಕ್ಕೆ ಕೂತೆವು.

“ಈಗಲೂ ಅಲ್ಲಿ ಒಂದು ಗುಂಪಿಗೆ ಒಂದೇ ಬ್ಯೂರೆಟ್ ಅಲ್ವೇನೇ? ನೀನೇನು ಮಾಡ್ತೀಯಾ?” ಎಂದು ಸೊಸೆ ಕೇಳಿದಳು.

“ಫಸ್ಟ್ ಟರ್ನ್ ಹಿಂದೆ ನಿಂತಿರೋರಿಗೆ. ಎಲ್ಲರೂ ಮುಟ್ಟೋವರೆಗೂ ಲ್ಯಾಬ್ ಬೀಗ ಹಾಕಲ್ಲ.”

“ಹಾಗಾದ್ರೆ ನಿನ್ನ ಸ್ಟೂಡೆಂಟ್ಸ್ ಊಟಕ್ಕೆ ಮನೆಗೆ ಹೋದ ಹಾಗೇ!” ಎಂದ ನನ್ನ ಮಗ.

“ಇಲ್ಲಿಗೆ ಕರ್ಕೊಂಡು ಬಾರೇ, ನಾನು ಹಾಕ್ತೀನಿ,” ಎಂದೆ. ಎಲ್ಲರೂ ನಕ್ಕರು. ನಾನೇನು ತಮಾಷೆಗೆ ಹೇಳಿದ್ದಲ್ಲ. ಅವಳ ಹೋಳಿಗೆಯ ಮೇಲೆ ಇನ್ನೊಂದಿಷ್ಟು ತುಪ್ಪ ಹಾಕಿದೆ.