ಭೈರಮ್ಮನ ಹೆಸರಿಗೆ ಓ ಎಂದವಳು

ಬಸರೀಕಟ್ಟೆ ಕಡೆಯ ಆ ಕಾಫಿ ತೋಟದಲ್ಲಿ ಬೆಳಗಿನ ಹಾಜರಿ ಎಂದರೆ ಒಂದೇ ಅಕ್ಷರದ ವ್ಯವಹಾರ. ರೈಟರ್ ಸುಬ್ಬರಾಯರು ಕಣದ ಮೂಲೆಯಲ್ಲಿ ನಿಂತು ಹೆಸರು ಕೂಗುತ್ತಿದ್ದರು. ಗುಂಪಿನೊಳಗಿಂದ "ಓ" ಎಂದು ದನಿ ಬಂದರೆ ಸಾಕು, ತಲೆ ಎತ್ತದೆ ಗೀಟು ಎಳೆಯುತ್ತಿದ್ದರು. ತೋಟಕ್ಕೆ ಬೇಕಾದದ್ದು ಕೈ, ಮುಖ ಕಟ್ಟಿಕೊಂಡು ಏನಾಗಬೇಕು! ಹೀಗಾಗಿ ಕೂಲಿಯವರ ಲೈನು ಮನೆಗಳಲ್ಲಿ ಒಂದು ಪದ್ಧತಿ ಬೆಳೆದಿತ್ತು. ಒಬ್ಬಳಿಗೆ ಜ್ವರ ಬಂದರೆ ಅವಳ ಮಗಳೋ ನಾದಿನಿಯೋ ಹೋಗಿ ಅವಳ ಹೆಸರಿಗೆ ಓ ಎಂದು ಅವಳ ಕೆಲಸ ಮಾಡಿ ಬರುವುದು. ಕೆಲಸಕ್ಕೆ ಬಾರದವರಿಗೆ ಲೈನಿನಲ್ಲಿ ಮನೆಯಿಲ್ಲ ಎಂಬ ಹೆದರಿಕೆ ಅಜ್ಜಿಯರ ಕಾಲದಿಂದ ಬಂದದ್ದು. ಹೀಗೆ ಓ ಎನ್ನುವುದನ್ನು ಒಬ್ಬರಿಗೊಬ್ಬರು ಮಾಡುವ ಉಪಕಾರ ಎಂದೇ ಎಲ್ಲರೂ ತಿಳಿದಿದ್ದರು.

ಕಮಲಕ್ಕ ಆ ಉಪಕಾರಕ್ಕೆ ಇಳಿದದ್ದು ಎಪ್ಪತ್ತೆಂಟನೇ ಇಸವಿಯ ದೀಪಾವಳಿ ಕಳೆದ ಮೇಲೆ. ಗಂಡ ತೀರಿಕೊಂಡು ಹಿರೇಕೊಡಿಗೆಯಲ್ಲಿ ತನ್ನವರು ಅಂತ ಯಾರೂ ಉಳಿಯದಾಗ, ಒಂದು ತಗಡಿನ ಟ್ರಂಕು ಹೊತ್ತು ಅಕ್ಕ ಭೈರಮ್ಮನ ಬಾಗಿಲಿಗೆ ಬಂದಿದ್ದಳು. "ಬಾ, ಒಲೆ ಹತ್ರ ಕೂತ್ಕೋ, ಚಳಿ" ಎಂದಳು ಅಕ್ಕ. ಎಷ್ಟು ದಿನ ಇರ್ತೀಯ ಎಂದು ಆವತ್ತೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ. ಭೈರಮ್ಮನ ಗಂಡ ಘಟ್ಟ ಇಳಿದು ಹೋದವನು ತಿರುಗಿ ಬಂದಿರಲಿಲ್ಲ. ಅವಳಿಗೆ ಇದ್ದದ್ದು ಆ ಕೆಲಸ, ಆ ಒಂದು ಕೋಣೆಯ ಮನೆ. ಅದರಲ್ಲೇ ತಂಗಿಗೂ ಚಾಪೆ ಹಾಸಿಕೊಟ್ಟಳು.

ಹಣ್ಣು ಕೊಯ್ಲು ಶುರುವಾಗುವ ಹೊತ್ತಿಗೆ ಭೈರಮ್ಮನ ಕಾಲು ಬಾತುಕೊಂಡಿತು. ನಾಲ್ಕು ಹೆಜ್ಜೆ ಹಾಕಿದರೆ ಏದುಸಿರು. ಮಲಗಿದರೆ ಉಸಿರು ಕಟ್ಟುತ್ತದೆಂದು ಗೋಡೆಗೆ ಒರಗಿ ಕೂತೇ ಇರುತ್ತಿದ್ದಳು. "ನಾಳೆ ನೀನು ಹೋಗಿ ನನ್ನ ಹೆಸರಿಗೆ ಓ ಅನ್ನು. ಎರಡು ದಿನದಲ್ಲಿ ಸರಿ ಆಗ್ತದೆ" ಎಂದಳು.

ಮೊದಲ ದಿನ ರೈಟರು ಎರಡು ಸಲ ಕೂಗಿದ ಮೇಲೆ ಕಮಲಕ್ಕ ಓ ಎಂದಳು. ವಾರ ಕಳೆಯುವುದರೊಳಗೆ ಸಲೀಸಾಯಿತು. ನಿಜ ಹೇಳಬೇಕೆಂದರೆ ಅವಳಿಗೆ ಅದು ಹಿಡಿಸಿತು ಕೂಡ. ಯಾರಿಗೂ ಬೇಡವಾದವಳು ಬೆಳಗಾಗೆದ್ದು ಒಂದು ಕರೆಗೆ ಉತ್ತರ ಕೊಡುವುದು ಸಣ್ಣ ಸಂಗತಿಯಲ್ಲ. ಅಕ್ಕನ ಋಣ ತೀರಿಸುವ ಹುಮ್ಮಸ್ಸಿನಲ್ಲಿ ಅವಳು ಕೈ ನಿಲ್ಲಿಸದೆ ಹಣ್ಣು ಕೊಯ್ದಳು. ಸಂಜೆ ತೂಕ ಹಾಕುವಾಗ ಭೈರಮ್ಮನ ಚೀಲವೇ ಎಲ್ಲಕ್ಕಿಂತ ಭಾರ.

ತೋಟದ ಜೀಪಿನ ಡ್ರೈವರ್ ಮಹಮ್ಮದ್ ಶಫಿ ಒಂದು ದಿನ ಲೈನಿನ ಮುಂದೆ ನೀರು ಕೇಳಲು ನಿಂತವನು ಭೈರಮ್ಮನ ಕಾಲು ನೋಡಿ ಗಾಬರಿಯಾದ.

"ಎಂತ ಮಾರಾಯ್ತಿ ಇದು! ಡಾಕ್ಟ್ರಿಗೆ ತೋರಿಸ್ಲಿಲ್ವಾ?"

"ತೋರಿಸಿದ್ರೆ ಕಾಯಿಲೆ ಅಂತ ಗೊತ್ತಾಗ್ತದಲ್ಲ ಸಾಬ್ರೇ. ಮನೆ ಬಿಡಿ ಅಂದ್ರೆ?" ಎಂದಳು ಕಮಲಕ್ಕ.

"ಯಾರು ಹೇಳಿದ್ದು? ಆಳು ಕಾಯಿಲೆ ಬಿದ್ರೆ ಔಷಧಿ ಮಾಡಿಸೋದು ತೋಟದವರ ಜವಾಬ್ದಾರಿ, ಕಾನೂನೇ ಉಂಟು. ಮೇಲಿನ ಲೈನಿನ ಮಂಜಯ್ಯನ್ನ ಡಾಕ್ಟ್ರ ಚೀಟಿ ಮೇಲೆ ಶಿವಮೊಗ್ಗದ ಆಸ್ಪತ್ರೆಗೆ ಕರ್ಕೊಂಡು ಹೋದವನು ನಾನೇ. ಮಲಗಿದ ದಿನಕ್ಕೂ ಅವನಿಗೆ ಅಷ್ಟೋ ಇಷ್ಟೋ ಕೂಲಿ ಕೊಟ್ರು. ಮನೆ ಬಿಡಿಸ್ಲಿಲ್ಲ. ಹೋಗಿ ರೈಟ್ರ ಹತ್ರ ಹೇಳು."

ಕಮಲಕ್ಕ ಸೆರಗು ಬಿಗಿದುಕೊಂಡು ಹೋದಳು. ಸುಬ್ಬರಾಯರು ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಂಡರು.

"ಭೈರಮ್ಮ ಒಂದು ದಿನವೂ ತಪ್ಪಿಸಿಲ್ಲ. ನಿನ್ನೆ ಎಲ್ಲರಿಗಿಂತ ಜಾಸ್ತಿ ಹಣ್ಣು ಕೊಯ್ದಿದ್ದಾಳೆ. ಅವಳು ಕಾಲು ಬಾತು ಕೂತಿದ್ದಾಳೆ ಅಂತ ಯಾವ ಬಾಯಲ್ಲಿ ಹೇಳ್ಲಿ? ಹಾಗಾದ್ರೆ ಓ ಅಂದವಳು ಯಾರು ಅಂತ ಕೇಳೋದಿಲ್ವಾ? ನನ್ನ ಕೆಲಸವೂ ಹೋಗ್ತದೆ, ನಿಮ್ಮ ಮನೆಯೂ ಹೋಗ್ತದೆ. ಕೊಯ್ಲು ಮುಗೀಲಿ ಕಮಲ, ಆಮೇಲೆ ಕಾಯಿಲೆ ಅಂತ ಬರೀತೇನೆ."

ದೇವರು ವರ ಕೊಟ್ಟರೂ ಪೂಜಾರಿ ಕೊಡ. ಆದರೆ ಸುಬ್ಬರಾಯರು ಕೆಟ್ಟವರಲ್ಲ. ಕಂಡೂ ಕಾಣದ ಹಾಗಿದ್ದು ಹತ್ತಾರು ಮನೆ ಉಳಿಸಿದ್ದೇನೆ ಎಂದೇ ಅವರೂ ನಂಬಿದ್ದರು. ಇಂಥ ಒಳ್ಳೆಯತನಕ್ಕೆ ಬೆಂಕಿ ಬೀಳಲಿ ಎನ್ನಿಸುತ್ತದೆ. ತಂಗಿ ಹೆಚ್ಚು ಹೆಚ್ಚು ದುಡಿದಷ್ಟೂ ಅಕ್ಕ ಆಫೀಸಿನವರ ಕಣ್ಣಿಗೆ ಗಟ್ಟಿಮುಟ್ಟಾಗುತ್ತಾ ಹೋದಳು.

ಭೈರಮ್ಮನೂ ರೈಟರ ಮಾತನ್ನೇ ಹಿಡಿದಳು. "ಕೊಯ್ಲು ಮುಗೀಲಿ. ನನಗೆ ಕಾಯಿಲೆ ಅಂತ ಆದ್ರೆ ನೀನು ಯಾರ ಹೆಸರಿಗೆ ಓ ಅಂತೀ? ನಿನ್ನನ್ನ ಇಲ್ಲಿ ಯಾರು ಇಟ್ಕೊಳ್ತಾರೆ?" ಆ ಮಾತು ಕೇಳಿ ಕಮಲಕ್ಕನಿಗೆ ಅಳು ಬಂತು. ಅತ್ತಳು. ಅತ್ತು, ಮರುದಿನ ಬೆಳಿಗ್ಗೆ ಮತ್ತೆ ಓ ಎಂದಳು.

ಕೊಯ್ಲು ಕೊನೆಗೆ ಬರುವಷ್ಟರಲ್ಲಿ ಭೈರಮ್ಮನ ಹೊಟ್ಟೆಯೂ ಊದಿಕೊಂಡಿತು, ತುಟಿ ನೀಲಿಗಟ್ಟಿತು. ವಾರಕ್ಕೊಮ್ಮೆ ತೋಟದ ಔಷಧಿ ಕೋಣೆಗೆ ಬರುತ್ತಿದ್ದ ಡಾಕ್ಟರು ಆ ಗುರುವಾರ ಬಂದಾಗ ಕಮಲಕ್ಕ ಚೀಲ ಅಲ್ಲೇ ಗಿಡದ ಬುಡದಲ್ಲಿ ಬಿಸಾಕಿ ಓಡಿದಳು. "ಇಷ್ಟು ದಿನ ಭೈರಮ್ಮ ಅಂತ ಓ ಅಂದವಳು ನಾನು ಸ್ವಾಮಿ. ಮನೆ ಬೇಕಾದ್ರೆ ತಗೊಳ್ಳಿ, ನನ್ನ ಅಕ್ಕನ್ನ ನೋಡಿ" ಎಂದು ಎಲ್ಲರ ಎದುರಿಗೇ ಕೂಗಿಕೊಂಡಳು.

ಡಾಕ್ಟರು ಲೈನಿಗೇ ಬಂದು ನೋಡಿ, ಹೃದಯದ ತೊಂದರೆ ಎಂದರು. "ಮೊದಲೇ ಯಾಕೆ ಹೇಳ್ಲಿಲ್ಲ? ನನ್ನ ಕೆಲಸ ಇದೇ ಅಲ್ವೇನಮ್ಮಾ?" ಎಂದು ಬೈಯುತ್ತಲೇ ಶಿವಮೊಗ್ಗಕ್ಕೆ ಚೀಟಿ ಬರೆದುಕೊಟ್ಟರು. ಯಾರೂ ಮನೆ ಬಿಡಿ ಎನ್ನಲಿಲ್ಲ. ಶಫಿ ಜೀಪು ತಂದು ನಿಲ್ಲಿಸಿದ. ಅಷ್ಟು ಸುಲಭವಿತ್ತು ಅದು.

ಕೊಪ್ಪ ದಾಟಿತು. ನರಸಿಂಹರಾಜಪುರ ಸಮೀಪಿಸುವಾಗ ತಂಗಿಯ ಭುಜಕ್ಕೆ ಒರಗಿದ್ದ ಭೈರಮ್ಮನ ಉಸಿರಿನ ಸದ್ದು ನಿಂತಿತು. "ಅಕ್ಕಾ" ಎಂದು ಕರೆದಳು ಕಮಲಕ್ಕ. ಮತ್ತೆ ಕರೆದಳು. ಅವಳ ಹೆಸರಿಗೆ ಇನ್ನು ಓ ಎನ್ನುವವರು ಯಾರೂ ಇರಲಿಲ್ಲ. ಶಫಿ ಜೀಪನ್ನು ಪಕ್ಕಕ್ಕೆ ನಿಲ್ಲಿಸಿ ಸ್ಟೀರಿಂಗಿಗೆ ಹಣೆ ಒತ್ತಿ ಕೂತ.

ಆಮೇಲೆ ಕಮಲಕ್ಕನಿಗೆ ತನ್ನ ಸ್ವಂತ ಹೆಸರಲ್ಲೇ ಕೆಲಸ ಸಿಕ್ಕಿತು, ಅದೇ ಮನೆಯೂ ಉಳಿಯಿತು. ಮನೆಗಾಗಿ ಅಲ್ಲವೇ ಇಷ್ಟೆಲ್ಲ ಆದದ್ದು.

ಕೆಲವು ವರ್ಷಗಳ ನಂತರ ಒಂದು ಮಳೆಗಾಲದಲ್ಲಿ ಅವಳಿಗೂ ಜ್ವರ ಬಂತು. ಪಕ್ಕದ ಮನೆಯ ಹೊನ್ನಕ್ಕ ಗಂಜಿ ತಂದಿಟ್ಟು, "ನೀನು ಮಲಕ್ಕೋ ಕಮಲಕ್ಕ, ನನ್ನ ಸೊಸೆ ನಿನ್ನ ಹೆಸರಿಗೆ ಓ ಅಂತಾಳೆ" ಎಂದಳು. ಕಮಲಕ್ಕ ಗಂಜಿ ಕುಡಿದು ಮಲಗಿದಳು. ಬೆಳಿಗ್ಗೆ ಕಂಬಳಿ ಹೊದ್ದು, ನಡುಗುತ್ತಾ ಕಣದ ತನಕ ನಡೆದು ಎಲ್ಲರ ಮುಂದೆ ನಿಂತಳು.

"ಕಮಲ" ಎಂದು ಕೂಗಿದರು ಸುಬ್ಬರಾಯರು.

ಹಿಂದೆ ಹೊನ್ನಕ್ಕನ ಸೊಸೆ ಬಾಯಿ ತೆರೆಯುವುದರೊಳಗೆ ಕಮಲಕ್ಕ ಕೈ ಎತ್ತಿದಳು. "ಅವಳು ಇವತ್ತು ಬಂದಿಲ್ಲ ರೈಟ್ರೇ. ಕಾಯಿಲೆ ಅಂತ ಬರೀರಿ."

ಸುಬ್ಬರಾಯರು ತಲೆ ಎತ್ತಿ ಅವಳ ಮುಖ ನೋಡಿದರು.