ಕತ್ತಲಲ್ಲಿ ಹಾರಿದ ಬೆಂಚು

ಹುಣಸೂರಿನಲ್ಲಿ ನನ್ನ ಕೈಯ ಗಾಡಿಗೆ ಒಂದು ಹೆಸರಿತ್ತು. ಇದನ್ನು ನಾನೇ ಹೇಳಿಕೊಳ್ಳಬಾರದು. ಆದರೆ ಹೇಳಬೇಕಾದವರು ಒಬ್ಬೊಬ್ಬರಾಗಿ ಹೊರಟುಹೋಗಿದ್ದಾರೆ, ಅವರ ಪಾಲಿನದನ್ನೂ ನಾನೇ ಹೇಳಬೇಕಾಗಿದೆ. ಪಿರಿಯಾಪಟ್ಟಣದ ಹೊಗೆಸೊಪ್ಪಿನವರು, ಕೋಟೆ ಕಾಡಿನಿಂದ ಮರ ಸಾಗಿಸುವವರು, ಎಡತೊರೆ ಕಡೆಯ ಭತ್ತದ ಗೌಡರು ಎಲ್ಲರೂ ನಮ್ಮ ಕೆಲಸದ ಚಪ್ಪರದ ಮುಂದೆ ನಿಂತು, “ಆಚಾರ್ರೇ, ನಮ್ಗೂ ಒಂದು” ಎಂದವರೇ. ಮೂರನೇ ಕ್ಲಾಸಿನಲ್ಲಿದ್ದಾಗ ಅಪ್ಪ ನನ್ನ ಕೈಯ ಸ್ಲೇಟು ಇಳಿಸಿ ಬಾಚಿ ಕೊಟ್ಟರು. ಸ್ಲೇಟಿನ ಮೇಲೆ ಬರೆದದ್ದು ಎಂಜಲು ಹಚ್ಚಿದರೆ ಅಳಿಸಿಹೋಗುತ್ತದೆ. ಬಾಚಿಯಿಂದ ಕೆತ್ತಿದ್ದು ಹಾಗೆ ಹೋಗುವುದಿಲ್ಲ. ನನಗೆ ಆ ಬದಲಾವಣೆ ಹಿಡಿಸಿತು.

ನಮ್ಮ ಕಡೆ ಗಾಡಿ ಕೆಲಸಕ್ಕೆ ಒಂದು ಕ್ರಮವಿತ್ತು. ಹೊಸ ಗಾಡಿ ಚಪ್ಪರ ಬಿಡುವ ದಿನ ಎತ್ತು ಹೂಡಿ, ಹೇರು ಹೇರಿ, ಲಕ್ಷ್ಮಣತೀರ್ಥಕ್ಕೆ ಇಳಿಸಿ ಆಚೆ ದಡ ಹತ್ತಿಸಬೇಕು. ಆ ಹೇರಿನ ತುದಿಯಲ್ಲಿ ಗಾಡಿ ಮಾಡಿದ ಆಚಾರಿಯೇ ಕೂತಿರಬೇಕು. ಅಚ್ಚು ಮುರಿದರೆ ಮೊದಲು ನೀರಿಗೆ ಬೀಳುವವನು ಅವನು. ಕೂರಲು ಹಿಂದೆಮುಂದೆ ನೋಡುವ ಆಚಾರಿಯ ಹತ್ತಿರ ಯಾರೂ ಗಾಡಿ ಮಾಡಿಸುತ್ತಿರಲಿಲ್ಲ. ನಾನಂತೂ ಕಾಲು ಇಳಿಬಿಟ್ಟು, ಎಲೆಯಡಿಕೆ ಮೆಲ್ಲುತ್ತ, ಮದುವೆಗಂಡಿನ ಹಾಗೆ ಹೊಳೆ ದಾಟುತ್ತಿದ್ದೆ.

ಎರಡನೆಯ ಮಹಾಯುದ್ಧ ಬಂತು. ಕಬ್ಬಿಣ ಸಿಗದಾಯಿತು, ಚಕ್ರಕ್ಕೆ ಪಟ್ಟಿ ಹಾಕುವುದೇ ಕಷ್ಟವಾಯಿತು. ಆಗ ಒಬ್ಬ ಕಂಟ್ರಾಕ್ಟರು ಬಂದು, ಮೈಸೂರಿನ ಆಚೆ ವಿಮಾನ ಇಳಿಯುವ ಬಯಲಿನಲ್ಲಿ ಮರಗೆಲಸವಿದೆ, ವಿಮಾನದ ಒಳಗೆ ಜನ ಕೂರಲು ಬೆಂಚು ಹಾಕಬೇಕು ಎಂದ. ನಾನು ನನ್ನ ಹೆಂಡತಿಯ ತಮ್ಮನನ್ನು ಜೊತೆಗೆ ಕರೆದುಕೊಂಡು ಹೊರಟೆ. ಅವನೂ ನಮ್ಮ ಕೆಲಸದವನೇ. ಕೈ ಚುರುಕು, ಬಾಯಿ ಅದಕ್ಕಿಂತ ಚುರುಕು.

ನಾನು ಅದುವರೆಗೆ ವಿಮಾನವನ್ನು ತಲೆಯ ಮೇಲೆ ಹೋಗುವಾಗ ನೋಡಿದ್ದೆನಷ್ಟೆ. ಹತ್ತಿರ ಹೋದರೆ ಅದು ಬಾಲದ ಮೇಲೆ ಕುಕ್ಕರುಗಾಲಲ್ಲಿ ಕೂತಿತ್ತು, ಮೂತಿ ಮೇಲೆತ್ತಿಕೊಂಡು. ಒಳಗೆ ಉದ್ದನೆಯ ತಗಡಿನ ಕೊಟ್ಟಿಗೆ. ಬೆರಳಿನಿಂದ ತಟ್ಟಿದರೆ ಎಣ್ಣೆ ಡಬ್ಬದ ಸದ್ದು.

“ಬಾವ, ಇದೇನು ಇಷ್ಟು ತೆಳ್ಳಗೈತೆ? ನಮ್ ಹಂಡೆ ಇದ್ಕಿಂತ ದಪ್ಪ ಕಣ್ ಬಾವ,” ಎಂದ ಭಾಮೈದ.

“ಸುಮ್ನಿರ್ಲಾ. ನಾವೇನು ಇದ್ರಲ್ಲಿ ಓಗ್ಬೇಕಾ?” ಎಂದೆ.

ಮೊಳೆ ಹೊಡೆಯುವ ಹಾಗಿಲ್ಲ, ಬರೀ ಬೋಲ್ಟು. ಎಲ್ಲೆಲ್ಲಿ ತೂತು ಇದೆಯೋ ಅಲ್ಲಿಗೇ ಬೆಂಚಿನ ಕಾಲು ಬರಬೇಕು. ತೇಗದ ಹಲಗೆ ತಂದು, ಎರಡು ಬದಿಗೂ ಬೆಂಚು ಕೂರಿಸಿ, ಕೈಯಾಡಿಸಿದರೆ ಬೆಣ್ಣೆ ಅನ್ನುವ ಹಾಗೆ ಕೀಸಿ ಕೊಟ್ಟೆವು. ವಿಮಾನ ನಡೆಸುವ ಸಾಹೇಬರು ಕೊಡಗಿನವರು, ಇನ್ನೂ ಚಿಕ್ಕ ವಯಸ್ಸು, ಮೀಸೆ ಮಾತ್ರ ದೊಡ್ಡದು. ಕೆಲಸ ಮುಗಿದ ದಿನ ಅವರು ಬಂದು ಪ್ರತಿಯೊಂದು ಕಾಲನ್ನೂ ಹಿಡಿದು ಅಲ್ಲಾಡಿಸಿ ನೋಡಿದರು.

“ಚೆನ್ನಾಗಿದೆ ಆಚಾರ್ರೇ. ಆದರೆ ಮೇಲೆ ಹೋದಾಗ ಅಲ್ಲಾಡುತ್ತೆ ಅಂತ ನನಗೆ ಅನುಮಾನ.”

ನನಗೆ ಉರಿಯಿತು. “ನನ್ ಕೈ ಕೆಲ್ಸ ಅಲ್ಲಾಡಕಿಲ್ಲ ಸ್ವಾಮಿ. ನಮ್ಮೂರಲ್ಲಿ ಒಂದು ಕ್ರಮ ಐತೆ. ಮಾಡ್ದೋನೇ ಮೊದ್ಲು ಕೂರಬೇಕು. ಇಗೋ ಕೂತೆ, ನೋಡ್ಕಳಿ!” ಎಂದು ಬೆಂಚಿನ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತು, ಎಲೆಯಡಿಕೆ ಚೀಲವನ್ನೂ ಬಿಚ್ಚಿದೆ.

ಸಾಹೇಬರು ಮೀಸೆಯೊಳಗೆ ನಕ್ಕರು. “ನಿಮ್ಮೂರಲ್ಲಿ ಎತ್ತು ಹೂಡದೆ ಗಾಡಿ ಮೇಲೆ ಕೂರ್ತಾರಾ?”

“ಅದೆಂಗಾದಾತು? ಎತ್ತು ಹೂಡಲೇಬೇಕು,” ಎಂದಿತು ನನ್ನ ಬಾಯಿ. ಬುದ್ಧಿ ಆಮೇಲೆ ಬಂತು.

“ಹಾಗಾದರೆ ನಾಳೆ ಹೂಡೋಣ. ಕತ್ತಲಲ್ಲಿ ಇಳಿಸೋದನ್ನ ನಾವು ನಾಳೆ ಅಭ್ಯಾಸ ಮಾಡಬೇಕು. ಹೊತ್ತು ಮುಳುಗಿದ ಮೇಲೆ ಹತ್ತಿ, ಎರಡು ಸುತ್ತು ಹೊಡೆದು ಇಳಿಯೋದು. ಬಲವಂತ ಏನಿಲ್ಲ. ನೀವು ಬರದಿದ್ದರೆ ಬೆಂಚು ಬಿಚ್ಚಿಸಿಬಿಡ್ತೀನಿ, ಅಷ್ಟೆ. ಮಾಡಿದವರೇ ನಂಬದ ಬೆಂಚಿನ ಮೇಲೆ ನಾನು ಬೇರೆಯವರನ್ನ ಕೂರಿಸೋದು ಹೇಗೆ?”

ಬಿಚ್ಚಿದ ಎಲೆಯಡಿಕೆ ಚೀಲವನ್ನು ಮತ್ತೆ ಕಟ್ಟಿದೆ. “ಬತ್ತೀನಿ ಸ್ವಾಮಿ” ಎಂದೆ.

ಆ ಸಂಜೆ ನಾವಿಬ್ಬರೂ ಹುಣಸೂರಿಗೆ ಹೊರಟ ಬಸ್ಸು ಇದ್ದಿಲಿನದು. ಪೆಟ್ರೋಲು ಸಿಗದ ಕಾಲ, ಹಿಂದುಗಡೆ ಒಲೆಯಂಥ ಒಂದು ಡ್ರಮ್ಮು ಕಟ್ಟಿ, ಇದ್ದಿಲಿನ ಹೊಗೆಯಲ್ಲೇ ಓಡಿಸುತ್ತಿದ್ದರು. ಬಿಳಿಕೆರೆ ಹತ್ತಿರ ಏರು ಬಂದಾಗ ಎಂದಿನಂತೆ ಎಲ್ಲರೂ ಇಳಿದು ತಳ್ಳಿದೆವು. ತಳ್ಳುತ್ತ ನನಗೆ ಬಂದ ಯೋಚನೆ ಒಂದೇ: ಬಸ್ಸು ನಿಂತರೆ ಇಳಿದು ತಳ್ಳಬಹುದು. ವಿಮಾನ ನಿಂತರೆ? ಹಗಲಾದರೂ ಆಗಿದ್ದರೆ ಕೆಳಗೆ ನೆಲ ಇದೆ ಅಂತ ಕಣ್ಣಿಗೆ ಗೊತ್ತಾಗುತ್ತದೆ. ಗಾಡಿ ಮೇಲೆ ಎಷ್ಟು ಎತ್ತರ ಕೂತರೂ ನನ್ನ ಧೈರ್ಯವೆಲ್ಲ ಇದ್ದದ್ದು ಕಣ್ಣಿಗೆ ಕಾಣುವ ನೆಲದಲ್ಲಿ. ಕತ್ತಲಲ್ಲಿ ಯಾವುದನ್ನು ನಂಬಿ ಕೂರುವುದು?

ಭಾಮೈದ ಬಸ್ಸಿನವರಿಗೆಲ್ಲ ಆಗಲೇ ಹೇಳಿಯಾಗಿತ್ತು. ನಾವು ಬೀದಿ ತಿರುಗುವಷ್ಟರಲ್ಲಿ ಸುದ್ದಿ ನಮಗಿಂತ ಮೊದಲು ಮನೆ ಸೇರಿತ್ತು. ಅವ್ವ ಜಗಲಿಯ ಮೇಲೆ ಕೂತಿದ್ದಳು.

“ಏನ್ಲಾ ಮಗ, ಆಕಾಸಕ್ಕೆ ಓಯ್ತೀಯಂತೆ?”

“ಊಂ ಕಣವ್ವ. ಒಂದು ಗಳಿಗೆ ಅಷ್ಟೆ.”

“ಬೀಳಕೆ ಗಳಿಗೆ ಯಾಕ್ ಬೇಕ್ಲಾ? ಗಾಡಿಯಿಂದ ಬಿದ್ರೆ ಸೊಂಟ ಓಯ್ತದೆ, ಎಣ್ಣೆ ತಿಕ್ಕಬೈದು. ಅಲ್ಲಿಂದ ಬಿದ್ರೆ ನಾನು ಏನ ತಿಕ್ಕಲಿ?”

ಅಕ್ಕಪಕ್ಕದವರು ಸೇರಿದರು. ಒಬ್ಬರು, ಹೊಟ್ಟೆ ತುಂಬ ಉಣ್ಣಬೇಡ, ಭಾರ ಆಗುತ್ತೆ ಎಂದರು. ಇನ್ನೊಬ್ಬರು, ಗಟ್ಟಿಯಾಗಿ ಉಣ್ಣು, ಹಗುರಾದರೆ ಗಾಳಿ ಎತ್ತಿಕೊಂಡು ಹೋಗುತ್ತೆ ಎಂದರು. ಎದುರುಮನೆಯ ಅಜ್ಜಿ ತನ್ನ ಎಮ್ಮೆ ಎರಡು ದಿನದಿಂದ ಬಂದಿಲ್ಲವೆಂದೂ, ಮೇಲಿಂದ ವೀರನಹೊಸಹಳ್ಳಿ ಕಡೆ ಒಂದು ಕಣ್ಣು ಇಟ್ಟಿರಬೇಕೆಂದೂ ಹೇಳಿದಳು. ಕಪ್ಪು ಎಮ್ಮೆಯನ್ನು ಕತ್ತಲಲ್ಲಿ ಹುಡುಕುವುದು ಹೇಗೆಂದು ಕೇಳಿದ್ದಕ್ಕೆ, “ಕೊಂಬು ಬೆಳ್ಳಗವೆ ಕಣಪ್ಪ” ಎಂದಳು.

ಭಾಮೈದ ನಡುಮನೆಯಲ್ಲಿ ಕೂತು ನಗುತ್ತಿದ್ದ. “ಬಾವಂದು ಬಾಯಿ ಕಣಕ್ಕ. ಸಾಯೇಬ್ರು ಕೇಳ್ನೇ ಇಲ್ಲ, ಇವ್ರೇ ಓಗಿ ಸಿಕ್ಕಾಕಂಡ್ರು. ಈಗ ನೋಡು, ಮೊಕ ಉಣಿಸೇಹಣ್ಣು ತಿಂದಂಗೆ ಆಗೈತೆ.”

ನನ್ನ ಹೆಂಡತಿ ಒಲೆ ಮುಂದೆ ಮುದ್ದೆ ತೊಳಸುತ್ತಿದ್ದವಳು ಕೋಲು ಎತ್ತಿಕೊಂಡೇ ಹೊರಗೆ ಬಂದಳು.

“ಬೆಂಚು ಮಾಡಿದ್ದು ಯಾರ್ಲಾ?”

“ಬಾವ.”

“ಎರಡೂ ಬದಿದೂ?”

“ಒಂದು ಬದಿದು ನಾನು,” ಎಂದ, ಸ್ವಲ್ಪ ಜಂಬದಿಂದಲೇ.

“ಅಂಗಾದ್ರೆ ಆ ಬದಿ ಮ್ಯಾಲೆ ಕೂರೋರು ಯಾರು? ನಮ್ಮಪ್ಪನಾ?”

ನಗು ನಿಂತಿತು. ನಾನು ಆ ಹೊತ್ತು ಎರಡು ಮುದ್ದೆ ಉಂಡೆ. ಭಾಮೈದ ಅರ್ಧಕ್ಕೇ ಕೈ ತೊಳೆದ.

ಮಾರನೆಯ ಸಂಜೆ ಬಯಲಿಗೆ ಹೋದಾಗ ಆಳುಗಳು ಎಣ್ಣೆಯ ಡಬ್ಬಗಳಿಗೆ ಬತ್ತಿ ಇಟ್ಟು ನೆಲದ ಉದ್ದಕ್ಕೂ ಸಾಲಾಗಿ ಹಚ್ಚುತ್ತಿದ್ದರು. ಕತ್ತಲಲ್ಲಿ ಇಳಿಯುವ ವಿಮಾನಕ್ಕೆ ಅದೇ ದಾರಿಯಂತೆ. ನನಗೆ ಒಂದೊಂದು ಬತ್ತಿಯ ಮೇಲೂ ಕಣ್ಣು. ಗಾಳಿ ಬೀಸಿದಾಗಲೆಲ್ಲ, ಆರಿದರೆ ನಮ್ಮ ಗತಿ ಏನು ಅನ್ನಿಸುತ್ತಿತ್ತು. ಸಾಹೇಬರು ಬಂದು ನಮ್ಮಿಬ್ಬರಿಗೂ ಸೊಂಟಕ್ಕೆ ವಾರು ಬಿಗಿದರು. ನಾನು ಒಂದು ಬದಿಯ ಬೆಂಚು, ಭಾಮೈದ ಎದುರು ಬದಿ. ಬಾಗಿಲು ಹಾಕಿದಾಗ ಬಂದ ಸದ್ದು ಮಾತ್ರ ನನಗೆ ಸ್ವಲ್ಪವೂ ಹಿಡಿಸಲಿಲ್ಲ.

ಇಂಜಿನ್ನು ಹೊತ್ತಿಕೊಂಡ ಮೇಲೆ ಮಾತೆಂಬುದೇ ಇಲ್ಲ. ಪೂರ್ತಿ ತಗಡು ನಡುಗಿತು, ನಮ್ಮ ಹಲ್ಲೂ ನಡುಗಿತು. ಓಡಿತು, ಕುಪ್ಪಳಿಸಿತು, ಇನ್ನೊಂದು ಸಲ ಕುಪ್ಪಳಿಸೀತು ಎಂದು ನಾನು ಕಾಯುತ್ತಿದ್ದೆ. ಅದು ಕುಪ್ಪಳಿಸಲಿಲ್ಲ. ಚಕ್ರ ಆಗಲೇ ನೆಲ ಬಿಟ್ಟಿತ್ತು. ಕಿಟಕಿಯಲ್ಲಿ ಇಣುಕಿದರೆ ಬತ್ತಿಗಳ ಸಾಲು ಓರೆಯಾಗಿ ಜಾರಿಹೋಯಿತು. ಆಮೇಲೆ ಬರೀ ಕಪ್ಪು. ನೆಲ ಎಲ್ಲಿ, ಆಕಾಶ ಎಲ್ಲಿ, ಒಂದೂ ತಿಳಿಯದು. ಬೆಂಚಿನ ಅಂಚನ್ನು ಎರಡು ಕೈಯಲ್ಲೂ ಹಿಡಿದೆ. ನನ್ನ ಹಲಗೆಯನ್ನು ನಾನೇ ಹಾಗೆ ಅಪ್ಪಿಕೊಂಡದ್ದು ಅದೇ ಮೊದಲು. ಎದುರಿಗೆ ಭಾಮೈದ ಕಣ್ಣು ಬಿಗಿಯಾಗಿ ಮುಚ್ಚಿ ತುಟಿ ಆಡಿಸುತ್ತಿದ್ದ. ಸದ್ದು ಕೇಳದಿದ್ದರೂ “ಚಾಮುಂಡಿ, ಚಾಮುಂಡಿ” ಎಂಬುದು ತುಟಿಯಿಂದಲೇ ತಿಳಿಯುತ್ತಿತ್ತು.

ಆಗ ಬೆಂಚು ನನ್ನನ್ನು ಗುದ್ದಿತು.

ಕಿವಿಗೆ ಏನೂ ಕೇಳುವ ಹಾಗಿರಲಿಲ್ಲ. ಆದರೆ ಗಾಡಿ ಮೇಲೆ ಕೂತು ಕೂತು ಪಳಗಿದ ಕುಂಡೆಗೆ ಅದು ಗೊತ್ತಾಯಿತು. ಬೆಂಚಿನ ಒಂದು ಮೂಲೆ ಸಣ್ಣಗೆ ಎದ್ದು ಎದ್ದು ಕುಳಿತುಕೊಳ್ಳುತ್ತಿತ್ತು. ಟಕ ಟಕ, ಟಕ ಟಕ. ಇದು ಇಂಜಿನ್ನಿನ ನಡುಕವಲ್ಲ. ನನ್ನ ಬೆಂಚು!

ವಾರು ಬಿಚ್ಚಿದೆ. ಬಿಚ್ಚಬಾರದೆಂದು ಸಾಹೇಬರು ಹೇಳಿದ್ದರು, ಆದರೆ ಆ ಹೊತ್ತಿಗೆ ನನಗೆ ಅದು ನೆನಪಾಗಲಿಲ್ಲ. ಮೊಣಕಾಲೂರಿ ಕತ್ತಲಲ್ಲಿ ಬೆಂಚಿನ ಒಂದೊಂದೇ ಕಾಲನ್ನು ಮುಟ್ಟಿ ನೋಡಿದೆ. ಮೊದಲನೆಯದು ಸರಿ. ಎರಡನೆಯದು ಸರಿ. ಬಾಲದ ಕಡೆಯದು ಅಂಗೈ ಕೆಳಗೆ ಕೋಳಿಮರಿಯಂತೆ ಮಿಸುಕಿತು. ಬೋಲ್ಟು ಬಿಗಿಯಾಗಿಯೇ ಇತ್ತು. ಕೆಳಗಿನ ತಗಡೇ ಗಾಳಿಯಲ್ಲಿ ಉಬ್ಬಿ ತಗ್ಗುತ್ತಿತ್ತು, ಕಾಲು ಅದರ ಜೊತೆ ಎದ್ದು ಕೂರುತ್ತಿತ್ತು. ಹೆಗಲ ವಸ್ತ್ರ ಎಳೆದು, ಮಡಿಸಿ, ತಗಡಿಗೂ ಕಾಲಿಗೂ ನಡುವಿನ ಸಂದಿಗೆ ತುರುಕಿದೆ. ಸಾಲಲಿಲ್ಲ. ಎಲೆಯಡಿಕೆ ಚೀಲ ಸುರಿದು ಆ ಬಟ್ಟೆಯನ್ನೂ ತುರುಕಿದೆ. ನಿಂತಿತು. ಬಿಟ್ಟರೆ ಜಾರೀತು ಎಂದು ಕಾಲನ್ನು ಅಪ್ಪಿ ಅಲ್ಲೇ ಕೂತೆ. ವಿಮಾನ ವಾಲಿತು, ತಿರುಗಿತು, ಇಳಿಯಿತು. ನಾನು ಅದನ್ನು ನೆಟ್ಟಗೆ ಗಮನಿಸಲೇ ಇಲ್ಲ. ಚಕ್ರ ನೆಲ ಮುಟ್ಟಿ ದಡಕ್ಕೆಂದಾಗಲೇ, ಓಹೋ, ನಾವು ಮೇಲಿದ್ದೆವಲ್ಲವೆ ಎಂದು ನೆನಪಾದದ್ದು.

ಸಾಹೇಬರು ಬ್ಯಾಟರಿ ಹಿಡಿದು ಬಂದರು. ಬೆಳಕು ಮೊದಲು ಖಾಲಿ ಬೆಂಚಿನ ಮೇಲೆ, ಆಮೇಲೆ ನೆಲದಲ್ಲಿ ಅಡಿಕೆ ಚೂರುಗಳ ನಡುವೆ ಬೆಂಚಿನ ಕಾಲು ಅಪ್ಪಿಕೊಂಡಿದ್ದ ನನ್ನ ಮೇಲೆ ಬಿತ್ತು.

“ಏನ್ರೀ ಆಚಾರ್ರೇ, ಬೆಂಚಿನ ಮೇಲೆ ಕೂರ್ತೀನಿ ಅಂದವರು ಬೆಂಚಿನ ಕೆಳಗೆ ಸೇರಿದ್ದೀರಲ್ಲ!”

ಬೇರೆ ದಿನವಾಗಿದ್ದರೆ ಆ ಮಾತಿಗೆ ಸಿಡಿದೇಳುತ್ತಿದ್ದೆ. ಅಂದು ಬ್ಯಾಟರಿಯ ಬೆಳಕನ್ನು ಆ ಕಾಲಿನ ಕಡೆಗೆ ತಿರುಗಿಸಲು ಹೇಳಿದೆ. “ನೀವು ಏಳಿದ್ದೇ ದಿಟ ಸ್ವಾಮಿ. ಅಲ್ಲಾಡ್ತದೆ. ಎಲ್ಲಾ ಕಾಲಿಗೂ ಕೆಳಗೆ ಚರ್ಮದ ಮೆತ್ತೆ ಕೊಡಬೇಕು.”

ಅವರು ಕೂತು ಬಟ್ಟೆ ಮುಟ್ಟಿ ನೋಡಿದರು. “ವಾರು ಬಿಚ್ಚಿದ್ದು ತಪ್ಪು. ಇನ್ನೊಂದು ಸಲ ಬಿಚ್ಚಿದರೆ ಹತ್ತಿಸೋದಿಲ್ಲ,” ಎಂದರು. ಆಮೇಲೆ, “ಮೆತ್ತೆ ಹಾಕಿ ಕೊಡಿ. ಬೆಂಚು ಇರಲಿ,” ಎಂದರು.

ಅದರ ಮಾರನೆಯ ದಿನ ಹುಣಸೂರಿನ ದಪ್ಪ ಎಮ್ಮೆಚರ್ಮ ತರಿಸಿ ಪ್ರತಿ ಕಾಲಿಗೂ ಮೆತ್ತೆ ಕೊಟ್ಟೆ. ಹೊಸದಾಗಿ ಕೆಲಸ ಮಾಡಿದ ಮೇಲೆ ಹೊಸದಾಗಿ ಕೂರಲೇಬೇಕು. ಭಾಮೈದ, ಮನೆಗೆ ಸುದ್ದಿ ಮುಟ್ಟಿಸುವವರು ಯಾರಾದರೂ ಬೇಕಲ್ಲ ಎಂದು ಮಧ್ಯಾಹ್ನದ ಬಸ್ಸಿಗೇ ಹೊರಟುಬಿಟ್ಟ. ನಾನೊಬ್ಬನೇ ಹತ್ತಿದೆ. ಬೆಂಚು ಬಂಡೆಯ ಹಾಗಿತ್ತು. ಹಿಡಿದು ಕೂರಲು ಕೆಲಸವಿಲ್ಲದ್ದರಿಂದ ಭಯಕ್ಕೆ ಪೂರ್ತಿ ಬಿಡುವು ಸಿಕ್ಕಿ, ಮೊದಲ ದಿನದ ಎರಡರಷ್ಟು ಹೆದರಿದೆ. ಆದರೂ ಕೂತೇ ಇದ್ದೆ, ವಾರಿನ ಸಮೇತ.

ಮಾರನೆಯ ಸಂಜೆ ನಾನು ಮನೆಗೆ ಬಂದಾಗ ಜಗಲಿಯ ತುಂಬ ಜನ. ನಡುವೆ ಭಾಮೈದ.

“ಬೆಟ್ಟದ ದೀಪ ನಮ್ ಕಾಲ್ ಕೆಳಗೆ ಕಣ್ರಪ್ಪ! ಮೈಸೂರು ಪೂರಾ ಒಂದು ತಟ್ಟೇಲಿ ಇಟ್ಟಂಗೆ. ಚುಕ್ಕಿಗಳು ಇಗೋ ಇಷ್ಟು ಅತ್ರ, ಕಿಟಕಿ ತೆಗ್ದಿದ್ರೆ ಒಂದೆರಡು ಕಿತ್ಕಂಡೇ ಬರಬೈದಿತ್ತು. ಅಲ್ವಾ ಬಾವ?”

ಕಣ್ಣು ಮುಚ್ಚಿದವನು ನನಗಿಂತ ಎಷ್ಟೋ ಹೆಚ್ಚು ನೋಡಿದ್ದ. “ಊಂ ಕಣ್ಲಾ,” ಎಂದೆ. ಅಷ್ಟಕ್ಕೂ ಅವನು ತನ್ನ ಬೆಂಚಿನ ಮೇಲೆ ಕೂತಿದ್ದನಲ್ಲ, ಆ ಮಾತು ಸುಳ್ಳಲ್ಲ.

ಒಳಗೆ ಹೆಂಡತಿ ನೀರು ಕೊಟ್ಟು, ಮೆಲ್ಲಗೆ, “ಎದ್ರಿಕೆ ಆಯ್ತಾ?” ಎಂದಳು. ಹೊರಗೆ ಯಾರಾದರೂ ಕೇಳಿದ್ದರೆ ಬೇರೆ ಉತ್ತರ ಬರುತ್ತಿತ್ತು.

“ಆಯ್ತು ಕಣೆ. ಭಾಳ ಆಯ್ತು.”

“ಮತ್ತೆ ಕರುದ್ರೆ?”

ಚೊಂಬಿನ ನೀರು ಪೂರ್ತಿ ಕುಡಿದೆ. “ನಾಡಿದ್ದು ಬಾ ಅಂದವ್ರೆ. ಇನ್ನೊಂದು ಇಮಾನ ಬಂದದಂತೆ, ಅದಕ್ಕೂ ಬೆಂಚು ಆಗಬೇಕು.”

ಅವಳು ಸೆರಗು ಬಾಯಿಗೆ ಒತ್ತಿ ನಕ್ಕಳು. ಹೊರಗೆ ಜಗಲಿಯ ಮೇಲೆ ಭಾಮೈದ ಚಂದ್ರನನ್ನು ತಲುಪಿದ್ದ.