ಅಲಮಾರಿಯೊಳಗಿನ ಶ್ರವಣಯಂತ್ರ

ಶಹಾಪುರದ ಹತ್ತಿರದ ಹಳ್ಳಿಯೊಂದರ ಸರ್ಕಾರಿ ಶಾಲೆಯಲ್ಲಿ ನಾನು ಎರಡನೇ ತರಗತಿಗೆ ಪಾಠ ಮಾಡುತ್ತಿದ್ದೆ. ನನ್ನ ತರಗತಿಯ ಹುಡುಗಿಯೊಬ್ಬಳಿಗೆ ಹುಟ್ಟಿನಿಂದ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಯಾದಗಿರಿಯ ಕಿವಿ ತಪಾಸಣೆ ಶಿಬಿರದಲ್ಲಿ ಅವಳಿಗೆ ಶ್ರವಣಯಂತ್ರ ಸಿಕ್ಕಿತು. ಅವಳಿಗೆ ಸಿಕ್ಕಿತು ಎನ್ನುವುದು ನನ್ನ ತಿಳಿವಳಿಕೆ. ಮುಖ್ಯ ಗುರುಗಳ ಪ್ರಕಾರ ಅದು ಶಾಲೆಗೆ ಸಿಕ್ಕಿತ್ತು. ಸಾಮಾನಿನ ರಿಜಿಸ್ಟರಿನಲ್ಲಿ ಗ್ಲೋಬಿನ ಕೆಳಗೆ, ಸ್ಕಿಪ್ಪಿಂಗ್ ಹಗ್ಗದ ಮೇಲೆ ಅದನ್ನು ಬರೆಸಿದರು. ದಿನಾ ಸಂಜೆ ನಾಲ್ಕೂವರೆಗೆ ಅವಳ ಕಿವಿಯಿಂದ ತೆಗೆಸಿ, ಅಲಮಾರಿಯಲ್ಲಿಟ್ಟು ಕೀಲಿ ಹಾಕುತ್ತಿದ್ದರು. ಕೀಲಿ ಅವರ ಕಿಸೆಯಲ್ಲಿ, ಅವರ ಮನೆ ಸುರಪುರದಲ್ಲಿ. ಅವರ ಬಸ್ಸು ತಡವಾದ ದಿನ ಹುಡುಗಿ ಹನ್ನೊಂದು ಗಂಟೆಯ ನಂತರವೇ ಕೇಳಿಸಿಕೊಳ್ಳಬೇಕಿತ್ತು.

ಭತ್ತದ ನಾಟಿಗೆ ಹೋಗುತ್ತಿದ್ದ ಅವಳ ತಾಯಿ ಒಂದು ಸಂಜೆ ಗದ್ದೆಯಿಂದ ನೇರ ಶಾಲೆಗೆ ಬಂದಳು. ಆ ಹೊತ್ತಿಗೆ ಅಲಮಾರಿಗೆ ಕೀಲಿ ಬಿದ್ದಿತ್ತು.

"ಆಕಿ ನಿಮ್ಮೆಲ್ಲರ ದನಿ ಕೇಳ್ಯಾಳರಿ. ನಂದಿನ್ನಾ ಕೇಳಿಲ್ಲ. ಮನಿಗಿ ಕೊಡ್ರಿ."

"ಕಳದ್ರ ಜವಾಬ್ದಾರಿ ಯಾರದವ್ವ?" ಎಂದರು ಮುಖ್ಯ ಗುರುಗಳು, ಬಸ್ಸಿನ ಹೊತ್ತು ನೋಡುತ್ತ. "ದಸರಾ ಸೂಟಿಗಿ ಒಯ್ಯುವಂತಿ."

ರಜೆಯ ಹಿಂದಿನ ದಿನ ಶಾಲೆಯಲ್ಲಿ ಆಯುಧ ಪೂಜೆ. ಗಂಟೆ, ಗ್ಲೋಬು, ಕೆಟ್ಟು ನಿಂತ ಕಂಪ್ಯೂಟರ್, ಎಲ್ಲಕ್ಕೂ ವಿಭೂತಿ, ಕುಂಕುಮ. ರಿಜಿಸ್ಟರಿನಲ್ಲಿರುವ ಯಾವ ಸಾಮಾನೂ ಪೂಜೆ ತಪ್ಪಿಸಿಕೊಳ್ಳಬಾರದೆಂದು ಶ್ರವಣಯಂತ್ರವನ್ನೂ ತಟ್ಟೆಯಲ್ಲಿಟ್ಟರು. ಅದಕ್ಕೆ ಕುಂಕುಮ ಹಚ್ಚಿದವನು ನಾನು. ನೀರಿನಲ್ಲಿ ಕಲಸಿದ ಕುಂಕುಮ, ಉಂಗುರ ಬೆರಳಿನಿಂದ, ಅಳೆದಂತೆ ನಡುವೆ. ಶಬ್ದ ಒಳಹೋಗುವ ಸಣ್ಣ ರಂಧ್ರ ಅಲ್ಲೇ ಇತ್ತು. ಅದು ನನಗೆ ಗೊತ್ತಿತ್ತು, ಆಗ ಹೊಳೆಯಲಿಲ್ಲ. ಕೈಮುಗಿದು ನಿಂತೆ, ಚುರುಮುರಿ ತಿಂದೆ. ಆ ಸಂಜೆ, ಮಾತಿನಂತೆ, ಯಂತ್ರ ಹುಡುಗಿಯ ಜೊತೆ ಮನೆಗೆ ಹೋಯಿತು.

ಸೂಟಿ ಮುಗಿದ ದಿನ ತಾಯಿ ಮಗಳನ್ನು ಕರೆದುಕೊಂಡು ಬಂದಳು. ಯಂತ್ರ ಹುಡುಗಿಯ ಕಿವಿಯಲ್ಲೇ ಇತ್ತು.

"ದಿನಾ ಮಾತಾಡಿದೆನ್ರಿ ಸರ. ಕರದೆ, ಹಾಡ್ದೆ, ಬೈದೆ. ಹೊಳ್ಳಿ ನೋಡ್ಲಿಲ್ಲ. ನನ್ನ ದನೀನ ಚಲೋ ಇಲ್ಲೇನ್ರಿ?"

ಯಂತ್ರ ತೆಗೆದು ನೋಡಿದೆ. ಕುಂಕುಮ ಒಣಗಿ ರಂಧ್ರ ಮುಚ್ಚಿತ್ತು.

"ನಿಮ್ಮ ದನಿ ಚಲೋ ಅದವ್ವ. ಪೂಜಾದಾಗ ಇದನ್ನ ಕೆಡಿಸ್ದಾಂವ ನಾನು."

ಮುಖ್ಯ ಗುರುಗಳು ಕೈಚಾಚಿದರು. "ಇಲ್ಲಿ ಕೊಡು. ಶಿಬಿರ ಮತ್ತ ಬಂದಾಗ ನೋಡಮು. ಅಲ್ಲಿತನಕ ಅಲಮಾರಿದಾಗ ಇರ್ಲಿ."

ತಾಯಿ ಯಂತ್ರವನ್ನು ನನ್ನ ಕೈಯಿಂದ ತೆಗೆದುಕೊಂಡು ಸೆರಗಿನ ತುದಿಗೆ ಗಂಟು ಹಾಕಿದಳು. "ಯಾದಗಿರಿ ದವಾಖಾನಿಗಿ ಒಯ್ತೀನ್ರಿ. ಸ್ವಚ್ಛ ಮಾಡಿ ಕೊಡೋತನಕ ಅಲ್ಲೇ ಕುಂದ್ರತೀನಿ."

"ಅದು ಶಾಲಿದು, ಯವ್ವ."

"ಕಿವಿ ಆಕಿದ್ರಿ."

ಮಗಳ ಕೈಹಿಡಿದು ಬಸ್ ನಿಲ್ದಾಣದ ಕಡೆ ಹೊರಟಳು. ಅರ್ಧ ದಿನದ ರಜೆ ಬರೆದಿಟ್ಟು ನಾನೂ ಅವರ ಹಿಂದೆ ನಡೆದೆ.